ತುಕ್ಕು ಹಿಡಿದ ಎಸ್ಟೇಟಿಗೆ ಎಷ್ಟು ಕೊಡಬಹುದು?

"ವಿಂಟೇಜ್" ಅನ್ನೋ ಪದ ಬಾಯಿಗೆ ಬಂದ ಕೂಡಲೇ ಹಳೇ ಗಾಡಿಯ ರೇಟು ಐವತ್ತು ಸಾವಿರ ಏರಿಬಿಡುತ್ತೆ ನೋಡಿ!

ಅಮರಗೋಳದ ಎಪಿಎಂಸಿ ಹತ್ತಿರ ಬೇವಿನ ಮರದ ಕೆಳಗೆ 1993ರ ಟಾಟಾ ಎಸ್ಟೇಟ್ ಒಂದು ಮಾರಾಟಕ್ಕಿದೆ. ನನ್ನ ಗೆಳೆಯನಿಗೆ ಅದರ ಮೇಲೆ ಮನಸ್ಸು. ಹಾಕೋದು ಎರಡು ವರ್ಷ ಕೂಡಿಸಿಟ್ಟ ದುಡ್ಡು. ಮಾರುವ ಹಿರಿಯರು ದಲಾಲಿ ಅಂಗಡಿ ನಡೆಸಿದವರು. "ತಮ್ಮಾ, ಇದು ವಿಂಟೇಜ್ ಗಾಡಿ ಐತಿ. ಒಂದೂ ಮುಕ್ಕಾಲು ಲಕ್ಷಕ್ಕ ಒಂದ್ ರೂಪಾಯಿ ಕಡಿಮಿ ಇಲ್ಲ" ಅಂದ್ರು. ಗುಜರಿಯವನು 32 ಸಾವಿರ ಹೇಳಿ ಹೋಗಿದ್ದಾನಂತೆ. ನನ್ನ ಪ್ರಕಾರ ಎರಡೂ ಅನ್ಯಾಯ.

ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ಗಾಡಿಗೆ 50 ವರ್ಷ ದಾಟಿರಬೇಕು. ಇದು 2043ರವರೆಗೆ ಕಾಯಬೇಕು :) "ಅಪರೂಪದ ಗಾಡಿ" ಅನ್ನೋದು ಇನ್ನೊಂದು ವಾದ. ಎಸ್ಟೇಟ್ ಬಂದಿದ್ದು 1992ರಲ್ಲಿ, ನಿಂತಿದ್ದು 2000ದಲ್ಲಿ. ನಮ್ಮ ಜನಕ್ಕೆ ಕಾರು ಅಂದ್ರೆ ಹಿಂದೆ ಡಿಕ್ಕಿ ಬೇರೆ ಇರಬೇಕು, ಹಾಗಾಗಿ ಅವತ್ತೇ ಕೊಂಡವರು ಕಡಿಮೆ. ಅವತ್ತು ಬೇಡವಾಗಿದ್ದೇ ಇವತ್ತಿನ ಅಪರೂಪ, ಅದಕ್ಕೆ ಯಾಕೆ ದುಡ್ಡು ಕೊಡಬೇಕು ಹೇಳಿ?

ದುಡ್ಡು ಕೊಡಬೇಕಾದ್ದು ಬೇರೆ ಕಡೆ. ಇದರ 1948 ಸಿಸಿ ಡೀಸೆಲ್ ಇಂಜಿನ್ ಟಾಟಾಮೊಬೈಲ್, ಸಿಯೆರಾಗಳಲ್ಲೂ ಇತ್ತು. ಆ ಸಾಮಾನು ಹುಡುಕಿದರೆ ಸಿಗುತ್ತೆ. ಆದರೆ ಹಿಂಬದಿಯ ಪಕ್ಕದ ಉದ್ದ ಗಾಜು, ಮೇಲಕ್ಕೆ ಎತ್ತುವ ಹಿಂಬಾಗಿಲು ಈ ಗಾಡಿಯದ್ದೇ, ಬೇರೆ ಯಾವುದರಿಂದಲೂ ತಂದು ಹಾಕೋಕಾಗಲ್ಲ. ಇಲ್ಲಿ ಮೂರೂ ಗಾಜು ಸರಿಯಾಗಿವೆ. ಗುಜರಿಯವನಿಗೆ ಇದು ಲೆಕ್ಕಕ್ಕೇ ಇಲ್ಲ.

ತುಕ್ಕಿನಲ್ಲೂ ಜಾತಿ ಇದೆ. ಬಾಗಿಲಿನ ಕೆಳಗಿನ ತುಕ್ಕು ಕಣ್ಣಿಗೆ ಹೊಡೆಯುತ್ತೆ, ಆದರೆ ತಗಡು ಕತ್ತರಿಸಿ ಬೆಸುಗೆ ಹಾಕಿದರೆ ಮುಗೀತು. ಮ್ಯಾಟ್ ಎತ್ತಿ ನೆಲ ನೋಡಬೇಕು, ಗಾಡಿ ಕೆಳಗೆ ಮಲಗಿ ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಕಡೆ ಚಾಸಿಗೆ ಸ್ಕ್ರೂಡ್ರೈವರ್ ಒತ್ತಬೇಕು. ಒಳಗೆ ಹೋಯ್ತೋ, ಗುಜರಿ ರೇಟೇ ಸರಿ. ಬಣ್ಣ ಹೊಸದಾಗಿ ಕಂಡಲ್ಲಿ ಅಯಸ್ಕಾಂತ ಇಟ್ಟು ನೋಡಿ. ಅಂಟದಿದ್ದರೆ ಕೆಳಗಿರೋದು ಪುಟ್ಟಿ. ಈ ಗಾಡಿಯ ಚಾಸಿ ಗಟ್ಟಿ ಇದೆ, ಚಾಲಕನ ಕಾಲಡಿ ಮಾತ್ರ ನೆಲ ಕಾಣುತ್ತೆ!

ಈಗ ಲೆಕ್ಕ. ಇಂಥದ್ದೇ ಓಡುವ ಗಾಡಿಗೆ ಗೆಳೆಯ ವಿಚಾರಿಸಿದ ಕಡೆ 2 ಲಕ್ಷ ಹೇಳಿದರು. ತಗಡು, ಬಣ್ಣಕ್ಕೆ 80 ಸಾವಿರ, ಇಂಜಿನ್, ಬ್ರೇಕಿಗೆ 25 ಸಾವಿರ ಅಂತ ಮೇಸ್ತ್ರಿ ಅಂದಾಜು. ಆರ್‌ಸಿ ಮುಗಿದು ಮೂರು ವರ್ಷ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿನ ನವೀಕರಣಕ್ಕೆ 10 ಸಾವಿರ, ತಡವಾದ ತಿಂಗಳಿಗೆ 500ರಂತೆ 18 ಸಾವಿರ. ಎಲ್ಲಾ ಕಳೆದರೆ ಉಳಿಯೋದು 67 ಸಾವಿರ, ಹಸಿರು ತೆರಿಗೆ ಬೇರೆ. ಗಾಜಿನ ಮರ್ಯಾದೆಗೆ 70 ಕೊಡು, ಅದಕ್ಕಿಂತ ಮೇಲೆ ಬೇಡ ಅಂತ ಗೆಳೆಯನಿಗೆ ಹೇಳಿದ್ದೀನಿ. ನೀವಾಗಿದ್ರೆ ಎಷ್ಟು ಹೇಳ್ತಿದ್ರಿ?

ಹಾಂ, ಹಿಂಬಾಗಿಲಿನ ರಬ್ಬರ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.