‘ಒಂದೆರಡು ಕಡೆ ಮಳೆ’ ಅಂದ್ರೆ ಎಷ್ಟು ಕಡೆ?

ಮೇ ಕೊನೆಯ ವಾರ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮಳೆ ಯಾವಾಗ? ಪೇಪರ್‌ನಲ್ಲಿ ಮುಂದಿನ ವಾರದ ಮುನ್ಸೂಚನೆ ಇರುತ್ತದೆ: ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ. ನಮ್ಮೂರಲ್ಲಿ ಹನಿ ಬೀಳದಿದ್ದರೆ ಹವಾಮಾನ ಇಲಾಖೆಗೆ ಬೈಗುಳ ಗ್ಯಾರಂಟಿ!

ಆದರೆ ಅದು ಜಾರಿಕೊಳ್ಳುವ ಮಾತಲ್ಲ ಸ್ವಾಮೀ, ಅದಕ್ಕೊಂದು ಲೆಕ್ಕ ಇದೆ. ಇಲಾಖೆಯ ಪಾಲಿಗೆ ಕರ್ನಾಟಕವೆಂದರೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಭಾಗ. ಒಂದು ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾದರೆ ‘ಒಂದೆರಡು ಕಡೆ’, 50ರವರೆಗೆ ‘ಕೆಲವು ಕಡೆ’, 75ರವರೆಗೆ ‘ಹಲವು ಕಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಅಂದರೆ ‘ಒಂದೆರಡು ಕಡೆ’ ಎಂದಾಗ ನಾಲ್ಕರಲ್ಲಿ ಮೂರು ಊರು ಒಣಗಿದ್ದರೂ ಮುನ್ಸೂಚನೆ ಸರಿಯೇ!

ಇನ್ನೊಂದು ವಿಷಯ. ಇದು ಮಳೆ ಎಷ್ಟು ಕಡೆ ಎಂಬ ಲೆಕ್ಕವೇ ಹೊರತು ಎಷ್ಟು ಸುರಿಯುತ್ತದೆ ಎಂಬುದಲ್ಲ. ‘ಭಾರಿ ಮಳೆ’ ಅನ್ನಿಸಿಕೊಳ್ಳಲು ದಿನಕ್ಕೆ 64.5 ಮಿ.ಮೀ. ದಾಟಬೇಕು, ಅದು ಬೇರೆಯೇ ಲೆಕ್ಕ.

ಪೇಟೆಯವರಿಗೆ ಹೆಚ್ಚೆಂದರೆ ಬಟ್ಟೆ ಒದ್ದೆಯಾದೀತು. ಆದರೆ ಕೃತ್ತಿಕಾ, ರೋಹಿಣಿ ಮಳೆ ನಂಬಿದ ರೈತನಿಗೆ? ಮೊದಲ ಮಳೆಗೆ ಬಿತ್ತಿ, ಆಮೇಲೆ ಎರಡು ವಾರ ಬಿಸಿಲು ಹೊಡೆದರೆ ಬೀಜ, ಗೊಬ್ಬರ, ಕೂಲಿ ಎಲ್ಲಾ ಮಣ್ಣುಪಾಲು.

ರಾಶಿಭವಿಷ್ಯಕ್ಕೆ ಅಷ್ಟೊಂದು ಜಾಗ ಕೊಡುವ ಪತ್ರಿಕೆಗಳು ಮಳೆ ಸುದ್ದಿಯ ಕೆಳಗೆ ಈ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಹಾಕಬಾರದೇ? ಬಿತ್ತಬೇಕೋ ಕಾಯಬೇಕೋ ಎಂದು ರೈತ ತಾನೇ ನಿರ್ಧರಿಸಿಯಾನು. ಏನಂತೀರಿ?