ಮಾಡಲಾರದ ವಾಕಿಂಗಿನ ರೊಟ್ಟಿ

ವೈನೀ, ಕಾಕು, ಎಲ್ಲಾರೂ ಕೇಳ್ರಿ, ಈ ವಾರ ಅಡಗಿ ಸುದ್ದಿ ಅಲ್ಲ, ತೂಕದ ಸುದ್ದಿ. ಯುಗಾದಿ ಮುಂದ ರಕ್ತ ತಪಾಸಣಿ ಮಾಡಿಸಿದಾಗ ನನ್ನ ಸಕ್ಕರಿ ಅಂಚಿಗೆ ಬಂದು ನಿಂತದ ಅಂತ ಗೊತ್ತಾತು. ನಮ್ಮವ್ವನ ಕಾಲಿನ ಗಾಯ ಎಷ್ಟು ದಿನ ಮಾಯಲಿಲ್ಲ ಅನ್ನೂದು ನೀವೆಲ್ಲಾ ಕಣ್ಣಾರೆ ನೋಡೀರಿ. ನಾ ಖರೇನ ಅಂಜಿದೆ. ಮಗಳು ನನ್ನ ಮೊಬೈಲಿನಾಗ ಒಂದು ಕ್ಯಾಲರಿ ಆ್ಯಪ್ ಹಾಕಿಕೊಟ್ಲು.

ವಯಸ್ಸು 46, ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೋ, ವಾರಕ್ಕ ಕಾಲು ಕಿಲೋ ಇಳಿಸಬೇಕು ಅಂತ ತುಂಬಿದೆ. ‘ದಿನಕ್ಕ 1,260 ಕ್ಯಾಲರಿ’ ಅಂತು. ಆಮ್ಯಾಲೆ ವ್ಯಾಯಾಮದ ಗುರಿ ಕೇಳ್ತು. ‘ವಾರಕ್ಕ ಐದು ದಿನ, 45 ನಿಮಿಷ ವಾಕಿಂಗ್’ ಅಂತ ಜಂಬದಿಂದ ಬರದೆ. ನೋಡ್ತೀನಿ, ಆ 1,260 ಅಲ್ಲೇ ಕೂತದ! ಒಂದು ಅಂಕಿನೂ ಅಳ್ಳಾಡಿಲ್ಲ.

‘ಅಲ್ಲs, ನನ್ನ ನಡಿಗಿಗೆ ಕಿಮ್ಮತ್ತs ಇಲ್ಲೇನು?’ ಅಂತ ಮಗಳ ಮ್ಯಾಲೆ ಹರಿಹಾಯ್ದೆ. ಆಕಿ ನಕ್ಕು, ‘ಅವ್ವಾ, ಇದು ಉದ್ರಿ ಅಂಗಡಿ ಅಲ್ಲ. ನೀ ನಡದು ಬಂದು ಬರದ ಮ್ಯಾಲೆ ಆವತ್ತಿನ ಲೆಕ್ಕಕ್ಕ ಕೂಡಸ್ತದ. ನಡೀತೀನಿ ಅಂದ್ರ ಕೂಡಸೂದಿಲ್ಲ’ ಅಂದ್ಲು.

ಆವತ್ತು ಸಿಟ್ಟು ಬಂದಿತ್ತು. ಈಗ ಹೇಳ್ತೀನಿ, ಈ ಪದ್ಧತಿನ ನಮ್ಮಂಥವ್ರಿಗೆ ಛಲೋ.

ಯಾಕಂದ್ರ ಲೆಕ್ಕ ಹಿಂಗದ ನೋಡ್ರಿ. ಸುಮ್ಮನ ಮಲಗಿದ್ರೂ ನನ್ನ ಮೈ ದಿನಕ್ಕ ಸುಮಾರು 1,258 ಕ್ಯಾಲರಿ ಸುಡ್ತದ. ಕೂತು ಮಾಡೂ ಜೀವನಕ್ಕ ಅದನ್ನ 1.2ರಿಂದ ಗುಣಸ್ತಾರ, 1,509 ಆಗ್ತದ. ಇಳಸೂ ಸಲುವಾಗಿ 250 ಕಳದ್ರ 1,260. ಇನ್ನ ಕೆಲವು ಲೆಕ್ಕದಾಗ ವ್ಯಾಯಾಮನೂ ಮೊದಲ ಸೇರಿಸಿ 1.375ರಿಂದ ಗುಣಸ್ತಾರ. ಹಂಗ ಮಾಡಿದ್ರ ನನಗ 1,480 ಸಿಗ್ತದ, ದಿನಾ 220 ಹೆಚ್ಚಿಗಿ. ಬಾಯಿಗೆ ಭಾಳ ಹಿತ. ಆದ್ರ ವಾಕಿಂಗ್ ತಪ್ಪಿತಂದ್ರ ಉಳಿಯೂದು 250 ಅಲ್ಲ, ಬರೇ 30!

ಮತ್ತ ತಪ್ಪೂದು ತಪ್ಪತದ. ಮೊದಲನೇ ತಿಂಗಳು ನಾ ಕ್ಯಾಲೆಂಡರಿನಾಗ ಗೆರಿ ಹೊಡದಿಟ್ಟಿದ್ದೆ. ಸಾಧನಕೇರಿ ತನಕ ಇಪ್ಪತ್ತು ದಿನ ನಡೀಬೇಕಾಗಿತ್ತು, ನಡದದ್ದು ಒಂಬತ್ತು. ಒಂದಿನ ನಳ ಬಂತು, ಒಂದಿನ ಬೀಗರು ಬಂದ್ರು, ಮೂರು ದಿನ ಅತ್ತಿಯವ್ರಿಗೆ ಜ್ವರ. ನಮ್ಮ ಮುಂಜಾನೆ ನಮ್ಮ ಕೈಯಾಗ ಎಲ್ಲೆದ? ಹಿಂಗಿದ್ದಾಗ ನಾಳಿನ ನಡಿಗಿ ನಂಬಿ ಇವತ್ತ ರೊಟ್ಟಿ ತಿನಬಾರದು.

ಇನ್ನೊಂದು ತಪ್ಪು ನಾನs ಮಾಡೀನಿ. ‘ಕೂತು ಮಾಡೂ ಜೀವನ’ ಅನ್ನೂದು ಓದಿ ಸಿಟ್ಟಿಗೆದ್ದು, ‘ಯಾರು ಕೂತಾರ ಇಲ್ಲೆ?’ ಅಂತ ಮುಂದಿನ ಮೆಟ್ಟಲಾ ಒತ್ತಿದೆ. ಮ್ಯಾಲೆ ವಾಕಿಂಗನ್ನೂ ಬರದೆ. ಒಂದ ಭಾಂಡೆ ಎರಡು ಸಲ ಎಣಿಸಿದಂಗ ಆತು. ದಿನಾ ಪೂರ್ತಿ ನಿಂತು ದುಡಿಯೋರು ಮುಂದಿನ ಮೆಟ್ಟಲಾ ಒತ್ರಿ, ತಪ್ಪಲ್ಲ. ಆದ್ರ ಅದರಾಗ ವಾಕಿಂಗ್ ಹಿಡದಿದ್ರ ಮತ್ತ ಬ್ಯಾರೆ ಬರೀಬ್ಯಾಡ್ರಿ.

ನಡದು ಬಂದ ದಿನನೂ ಪೂರಾ ತಿನ್ನೂದು ಬ್ಯಾಡ. ನನ್ನ 45 ನಿಮಿಷಕ್ಕ ಆ್ಯಪ್ ಸುಮಾರು 180 ಕೊಡ್ತದ, ಅಂದ್ರ 50 ಗ್ರಾಂ ಹಿಟ್ಟಿನ ಒಂದು ಜ್ವಾಳದ ರೊಟ್ಟಿ. ಆದ್ರ ಅದರಾಗ 50 ನಾ ಮನ್ಯಾಗ ಕೂತಿದ್ರೂ ಸುಡತಿದ್ವು. ಹಿಂಗಾಗಿ ನಾ ಅರ್ಧಾ ರೊಟ್ಟಿಗೆ ನಿಲ್ಲಸ್ತೀನಿ.

ಹಂಗಂತ ಏನೂ ತಿನ್ನದ ನಡೀಬ್ಯಾಡ್ರಿ. ನಮ್ಮ ಓಣಿ ವೈನಿ ಒಬ್ಬರು ತಾಸುಗಟ್ಟಲೆ ನಡದು, ಬರೇ ಮಜ್ಜಿಗಿ ಕುಡದು, ಗಿರಣಿ ಮುಂದ ಕಣ್ಣಿಗೆ ಕತ್ತಲಿ ಬಂದು ಕೂತಿದ್ರು. 1,200ಕ್ಕಿಂತ ಕೆಳಗ ಡಾಕ್ಟರನ್ನ ಕೇಳದ ಇಳೀಬಾರದು. ಸಕ್ಕರಿ ಗುಳಿಗಿ, ಇಂಜೆಕ್ಷನ್ ತೊಗೊಳ್ಳೋರಂತೂ ಊಟ, ನಡಿಗಿ ಎರಡರದ್ದೂ ಮೊದಲ ಕೇಳಿಕೊಳ್ರಿ.

ಆ್ಯಪಿನ ಅಂಕಿ ಅಂದಾಜಿಂದು. ಮೂರು-ನಾಕು ವಾರ ಬರದು, ತೂಕ ನೋಡಿ, ಹೆಚ್ಚುಕಮ್ಮಿ ಮಾಡಿಕೋಬೇಕು. ನಡಿಗಿ ಮಾತ್ರ ಬಿಡಬ್ಯಾಡ್ರಿ. ತೂಕ ಇಳೀಲಿ ಬಿಡಲಿ, ನಡದ್ರ ಸಕ್ಕರಿಗೆ ಛಲೋ. ನಾ ನಡಿಯೂದು ನಮ್ಮವ್ವನ ಕಾಲು ನೆನಸಿಕೊಂಡು, ರೊಟ್ಟಿ ಗಳಸ್ಲಿಕ್ಕೆ ಅಲ್ಲ. ನಾಳೆ ಆರೂವರಿಗೆ ಹೊಂಟೀನಿ, ನಳ ಬರದಿದ್ರ. ಬರೋರು ಗೇಟಿನ ಹತ್ರ ನಿಲ್ರಿ.