ಒಮ್ಮೆ ಎಕ್ಸ್‌ಪಿ ಹಾಕಿ ನೋಡಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ಲ್ಯಾಪ್‌ಟಾಪ್‌ನ ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಲು ಕುಳಿತೆ. 'ಹಾರ್ಡ್ ಡಿಸ್ಕ್ ಸಿಗಲಿಲ್ಲ' ಎಂದಿತು ಸೆಟಪ್. ನಾನೇ ಮಾಡಿಟ್ಟ ಡಿಸ್ಕ್ ಎದುರಿಗೇ ಇತ್ತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. 2001ರಲ್ಲಿ ಬಂದ ಎಕ್ಸ್‌ಪಿಯ ಸಿ.ಡಿ.ಯಲ್ಲಿ ಈಗಿನ ಸಾಟಾ ಡಿಸ್ಕ್‌ಗಳಿಗೆ ಬೇಕಾದ ಎಎಚ್‌ಸಿಐ ಡ್ರೈವರ್ ಇಲ್ಲ. ಆಗೆಲ್ಲ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತಂತೆ. ನಾನು ಕಂಟ್ರೋಲರನ್ನು ಐಡಿಇಗೆ ಬದಲಿಸಿದೆ, ಡಿಸ್ಕ್ ಕಾಣಿಸಿತು.

'ಡಿವೈಸ್ ಡ್ರೈವರ್ ಎಂದರೇನು?' ಎಂಬುದಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದಿದ್ದೆ. ಕಾಲೇಜಿನ ಅಣಕು ಸಂದರ್ಶನದಲ್ಲಿ ಅದಕ್ಕೇ ಉದಾಹರಣೆ ಕೇಳಿದಾಗ ತಡವರಿಸಿದ್ದೆ. ಅದು ನಿಜವಾಗಿ ಅರ್ಥವಾದದ್ದು ಈ ರಜೆಯಲ್ಲಿ.

'ಹಳೇದು ಯಾಕೋ?' ಎಂದು ಗೆಳೆಯರು ನಗುತ್ತಾರೆ. ಹೊಸದರಲ್ಲಿ ಎಲ್ಲ ತಾನಾಗಿಯೇ ಆಗಿಬಿಡುವುದರಿಂದ ಒಳಗೇನು ನಡೆಯುತ್ತದೆಂದು ನಮಗೆ ಕಾಣುವುದೇ ಇಲ್ಲ. ಎಕ್ಸ್‌ಪಿಗೆ 2014ರಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ಹಾಗಾಗಿ ಅದನ್ನು ಇಂಟರ್‌ನೆಟ್‌ಗೆ ಜೋಡಿಸಬಾರದು ನಿಜ. ಆದರೆ ವರ್ಚುವಲ್ ಮಷೀನ್‌ನಲ್ಲಿ ಕೆಟ್ಟರೆ ಅಳಿಸಿ ಮತ್ತೆ ಶುರು ಮಾಡಬಹುದು, ಖರ್ಚೇನಿಲ್ಲ. ಒಂದು ಲ್ಯಾಬ್ ತರಗತಿಯನ್ನಾದರೂ ಕಾಲೇಜುಗಳು ಇದಕ್ಕೆ ಕೊಡಲಿ. ಕಂಠಪಾಠದ ಉತ್ತರ ಸಂದರ್ಶನದಲ್ಲಿ ಕೈಕೊಡುತ್ತದೆ. ಕೈಯಾರೆ ಸರಿಪಡಿಸಿದ್ದು ಮರೆಯುವುದಿಲ್ಲ.